ಸಮಾಧಿಯಲ್ಲಿ ತಲೆ ಉತ್ತರಕ್ಕಿದ್ದರೆ ಜನರೂ ಉತ್ತರದವರಾ?

ಕಾರವಾರದ ವಿದ್ಯಾರ್ಥಿನಿ:
ಸಿಂಧೂ ನಾಗರಿಕತೆಯ ಹರಪ್ಪ, ರಾಖಿಗಢಿಯ ಸಮಾಧಿಗಳಲ್ಲಿ ಹೆಚ್ಚಿನವರ ತಲೆ ಉತ್ತರಕ್ಕಿದೆ. ಹಾಗಾಗಿ ಅವರ ಹಿರಿಯರು ಉತ್ತರದಿಂದ ಬಂದವರು ಅಂತ ಒಂದು ವಿಡಿಯೋದಲ್ಲಿ ಖಡಾಖಂಡಿತವಾಗಿ ಹೇಳಿದ್ದಾರೆ. ನಮ್ಮನೆಯಲ್ಲಿ ಉತ್ತರಕ್ಕೆ ತಲೆ ಹಾಕಿ ಮಲಗಿದರೆ ಅಜ್ಜಿ ಎಬ್ಬಿಸಿ ತಿರುಗಿಸುತ್ತಾರೆ. ದಿಕ್ಕು ನೋಡಿ ಮೂಲ ಹೇಳಲು ಬರುತ್ತದಾ?

ಯಲ್ಲಾಪುರದ ಮಾಸ್ತರ್:
ತಂಗೀ, ಅದನ್ನು ನಂಬುವ ಮೊದಲು ನಮ್ಮ ಸಿದ್ದಿಯರನ್ನು ನೋಡು. ಯಲ್ಲಾಪುರ, ಹಳಿಯಾಳದ ಕಡೆ ಅವರಲ್ಲಿ ಹಿಂದೂ, ಮುಸ್ಲಿಂ, ಕ್ರಿಶ್ಚಿಯನ್ ಮೂರೂ ಇದ್ದಾರೆ. ಎಲ್ಲರ ಹಿರಿಯರೂ ಆಫ್ರಿಕಾದವರೇ. ಮುಸ್ಲಿಂ ಪದ್ಧತಿಯಲ್ಲಿ ಇಲ್ಲಿ ಗುಂಡಿ ಉತ್ತರ-ದಕ್ಷಿಣ. ತಲೆ ಉತ್ತರಕ್ಕೆ, ಬಲ ಮಗ್ಗುಲು, ಮುಖ ಮೆಕ್ಕಾ ಇರುವ ಪಶ್ಚಿಮಕ್ಕೆ. ಕ್ರಿಶ್ಚಿಯನ್ನರ ಹಳೇ ಪದ್ಧತಿಯಲ್ಲಿ ಕಾಲು ಪೂರ್ವಕ್ಕೆ. ಮುಂದೆಂದೋ ಅಗೆದವರು ದಿಕ್ಕೊಂದನ್ನೇ ಹಿಡಿದರೆ ಒಂದೇ ಜನರನ್ನು ಎರಡು ಜನಾಂಗ ಮಾಡಿಬಿಡುತ್ತಾರೆ!

ಹಾಗಂತ ದಿಕ್ಕಿಗೆ ಅರ್ಥವೇ ಇಲ್ಲ ಅನ್ನಬೇಡ. ಮಧ್ಯ ಯುರೋಪಿನ ಬೆಲ್ ಬೀಕರ್ (ಗಂಟೆಯಾಕಾರದ ಮಡಕೆ ಬಳಸುತ್ತಿದ್ದ ಪ್ರಾಚೀನ ಜನರ) ಸಮಾಧಿಗಳಲ್ಲಿ ಸಾಮಾನ್ಯವಾಗಿ ಗಂಡಸರ ತಲೆ ಉತ್ತರಕ್ಕೆ, ಹೆಂಗಸರದ್ದು ದಕ್ಷಿಣಕ್ಕೆ, ಇಬ್ಬರ ಮುಖವೂ ಪೂರ್ವಕ್ಕೆ. ಅಲ್ಲಿ ದಿಕ್ಕು ಹೇಳುವುದು ಗಂಡೋ ಹೆಣ್ಣೋ ಅನ್ನುವುದನ್ನು. ಅವರು ಯಾರ ವಂಶ ಅಂತ ತಿಳಿಯಲು 2018ರ ಡಿಎನ್‌ಎ ಅಧ್ಯಯನ ಬೇಕಾಯಿತು. ಒಂದೇ ಬಗೆಯ ಮಡಕೆ ಇಟ್ಟುಕೊಂಡಿದ್ದ ಸ್ಪೇನಿನ ಕಡೆಯವರದ್ದೂ ಮಧ್ಯ ಯುರೋಪಿನವರದ್ದೂ ಮೂಲ ಬೇರೆ ಬೇರೆ ಇತ್ತು.

ಅಂಕೋಲಾದಿಂದ:
ಹಲ್ಲನ್ನೂ ಕೇಳಬೇಕು. ಹಲ್ಲಿನ ಎನಾಮೆಲ್ ಚಿಕ್ಕಂದಿನಲ್ಲೇ ಗಟ್ಟಿಯಾಗುತ್ತದೆ, ಆಗ ಕುಡಿದ ನೀರಿನ ಗುರುತು ಅದರಲ್ಲಿ ಉಳಿಯುತ್ತದೆ. 2002ರಲ್ಲಿ ಇಂಗ್ಲೆಂಡಿನ ಸ್ಟೋನ್‌ಹೆಂಜ್ ಹತ್ತಿರ ಏಮ್ಸ್‌ಬರಿಯಲ್ಲಿ ಸಿಕ್ಕ ಬಿಲ್ಲುಗಾರ ಆಲ್ಪ್ಸ್ ಸೀಮೆಯ ಕಡೆ ಬೆಳೆದವನು ಅಂತ ತೋರಿಸಿದ್ದು ಹಲ್ಲೇ. ನಮ್ಮ ಕರಾವಳಿಯಲ್ಲಿ ಕಷ್ಟ. ಕೆಂಪು ಹುಳಿ ಮಣ್ಣು, ಮಳೆ ಜಾಸ್ತಿ, ಎಲುಬು ಉಳಿಯುವುದೇ ಕಡಿಮೆ.

ಕಾರವಾರದ ವಿದ್ಯಾರ್ಥಿನಿ:
1947ರಲ್ಲಿ ಪುರಾತತ್ವಜ್ಞ ವೀಲರ್ ಅಗೆಸಿದ, ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಕಲ್ಲುಚಪ್ಪಡಿ ಸಮಾಧಿಗಳಲ್ಲಿ ದುಂಡನೆ ಕಂಡಿ ಪೂರ್ವದ ಚಪ್ಪಡಿಗೇ ಇದೆಯಲ್ವಾ ಮಾಸ್ತರೇ? ಅದಕ್ಕೇನು ಹೇಳುತ್ತೀರಿ?

ಯಲ್ಲಾಪುರದ ಮಾಸ್ತರ್:
ಒಳ್ಳೇ ಪ್ರಶ್ನೆ. ಪೂರ್ವದಿಂದ ಬಂದವರು ಅನ್ನುವ ಮೊದಲು ಸೂರ್ಯನನ್ನು ಲೆಕ್ಕಕ್ಕೆ ತಗೋ. ಕಾರವಾರ, ಬ್ರಹ್ಮಗಿರಿ ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿವೆ. ಇಲ್ಲಿ ವರ್ಷದಲ್ಲಿ ಸೂರ್ಯ ಹುಟ್ಟುವ ಜಾಗ ನೇರ ಪೂರ್ವದಿಂದ ಎರಡೂ ಕಡೆ ಸುಮಾರು 24 ಡಿಗ್ರಿ ಸರಿಯುತ್ತದೆ. ಪ್ರತಿ ಕಂಡಿಯ ಡಿಗ್ರಿ ಬರೆದುಕೊಂಡು ಆ ಮಿತಿಯೊಳಗೆ ಎಷ್ಟು ಬೀಳುತ್ತವೆ ನೋಡು. ಗುಡ್ಡದ ಇಳಿಜಾರು ಯಾವ ಕಡೆಗಿದೆ ಅನ್ನುವುದನ್ನೂ ಪಕ್ಕದಲ್ಲೇ ಬರೆದಿಡು.