2000ದಿಂದ 2009: ನಿಮ್ಮ ಲೆಕ್ಕದಲ್ಲಿ ಯಾವ ರೆಸ್ಲಿಂಗ್ ಮ್ಯಾಚ್ ಮೊದಲು?

ಬಿಜೈ ಹುಡುಗ:

ಎಲ್ಲರಿಗೂ ನಮಸ್ಕಾರ. ಬಹಳ ದಿನದಿಂದ ಕೇಳಬೇಕು ಅಂತ ಇತ್ತು. 2000ದಿಂದ 2009ರವರೆಗಿನ ಹತ್ತು ವರ್ಷದಲ್ಲಿ ನೀವು ನೋಡಿದ ಅತಿ ಒಳ್ಳೆಯ ರೆಸ್ಲಿಂಗ್ ಮ್ಯಾಚ್ ಯಾವುದು? ಹತ್ತು ಹೆಸರಿನ ಪಟ್ಟಿ ಬೇಡ. ಒಂದು ಹೇಳಿ, ಹೆಚ್ಚೆಂದರೆ ಎರಡು. ಆದರೆ ಯಾಕೆ ಅಂತ ಬರೆಯಿರಿ.

ಈ ಹತ್ತು ವರ್ಷವೇ ಯಾಕೆ ಅಂದರೆ, ಮಂಗಳೂರಿನಲ್ಲಿ ನನ್ನ ವಯಸ್ಸಿನವರು ರೆಸ್ಲಿಂಗ್ ನೋಡಿ ಬೆಳೆದ ಕಾಲ ಅದು. 2002ರಲ್ಲಿ ಟೆನ್ ಸ್ಪೋರ್ಟ್ಸ್ ಬಂತು. ನಮ್ಮ ಓಣಿಯಲ್ಲಿ ಎರಡೇ ಮನೆಯಲ್ಲಿ ಆ ಚಾನೆಲ್ ಸಿಗುತ್ತಿತ್ತು, ಜೂನ್ ತಿಂಗಳ ಮಳೆ ಶುರುವಾದರೆ ಅಲ್ಲೂ ಕರೆಂಟ್ ಇರುತ್ತಿರಲಿಲ್ಲ, ಹಾಗಾಗಿ ಅರ್ಧ ಮ್ಯಾಚ್ ನೋಡಿ ಮಿಕ್ಕಿದ್ದನ್ನು ಮರುದಿನ ಶಾಲೆಯಲ್ಲಿ ಬೇರೆಯವರ ಬಾಯಿಂದ ಕೇಳುವುದು. ರೆಸ್ಲರ್‌ಗಳ ಚಿತ್ರವಿರುವ ಟ್ರಂಪ್ ಕಾರ್ಡಿನಲ್ಲಿದ್ದ ಎತ್ತರ, ತೂಕ, ಎದೆ ಸುತ್ತಳತೆ ಎಲ್ಲ ಬಾಯಿಪಾಠ ಇತ್ತು.

ನನ್ನದು ಹೇಳಿಬಿಡುತ್ತೇನೆ. ರಾಕ್ ಮತ್ತು ಹಲ್ಕ್ ಹೋಗನ್, ರೆಸಲ್‌ಮೇನಿಯಾ 18 (ವರ್ಷದ ಅತಿ ದೊಡ್ಡ ರೆಸ್ಲಿಂಗ್ ಶೋ), ಟೊರೊಂಟೊದ ಸ್ಕೈಡೋಮ್, 2002ರ ಮಾರ್ಚ್ 17. ಈಗಿನ ಡಬ್ಲ್ಯುಡಬ್ಲ್ಯುಇ ಕಂಪನಿಯ ಹೆಸರು ಆಗಿನ್ನೂ ಡಬ್ಲ್ಯುಡಬ್ಲ್ಯುಎಫ್. ನಾನು ನೋಡಿದ್ದು ಟಿವಿಯಲ್ಲಿ ಅಲ್ಲ, ಹಂಪನಕಟ್ಟೆಯ ಅಂಗಡಿಯೊಂದರಿಂದ ಬಾಡಿಗೆಗೆ ತಂದ ಸಿಡಿಯಲ್ಲಿ. ಹೋಗನ್‌ಗೆ 48 ವರ್ಷ, ರಾಕ್‌ಗೆ 29. ಕಥೆಯಲ್ಲಿ ಹೋಗನ್ ವಿಲನ್. ಆದರೆ ಗಂಟೆ ಹೊಡೆಯುವ ಮೊದಲೇ ಜನ ಹೋಗನ್ ಪರ ನಿಂತಾಗಿತ್ತು. ಮೊದಲ ಸಲ ಇಬ್ಬರೂ ಹಿಡಿದುಕೊಂಡಾಗ ಹೋಗನ್ ರಾಕ್‌ನನ್ನು ತಳ್ಳಿ ಕೆಡವಿದ, ಬರೀ ಒಂದು ತಳ್ಳು, ಅಷ್ಟಕ್ಕೇ ಆ ಸ್ಟೇಡಿಯಂ ಇಡೀ ಕಿರುಚಿದ್ದು ನನಗೆ ಈಗಲೂ ಮೈ ಜುಮ್ ಅನ್ನಿಸುತ್ತದೆ. ರಾಕ್‌ಗೆ ಅದು ಅಲ್ಲೇ ಗೊತ್ತಾಯಿತು. ಹೀರೋ ಆಗಿ ಬಂದವನು ಮ್ಯಾಚ್ ನಡೆಯುತ್ತಿದ್ದ ಹಾಗೇ ಮೆಲ್ಲ ವಿಲನ್ ಜಾಗಕ್ಕೆ ಸರಿದ. ರಾಕ್ ಬಾಟಮ್ (ಎತ್ತಿ ಬೆನ್ನ ಮೇಲೆ ಬೀಳಿಸುವ ರಾಕ್‌ನ ಪಟ್ಟು) ತಿಂದ ಹೋಗನ್ ಭುಜ ಎತ್ತಿ, ಕಣ್ಣು ಅಗಲ ಮಾಡಿ, ತಲೆ ಅಲ್ಲಾಡಿಸಿ ಎದ್ದು ನಿಂತಾಗ 48 ವರ್ಷದ ಮನುಷ್ಯ ಕಾಣುವುದೇ ಇಲ್ಲ. ಕೊನೆಗೆ ಹೋಗನ್‌ನ ಎರಡನೇ ಲೆಗ್ ಡ್ರಾಪ್ (ಹಾರಿ ಕಾಲನ್ನು ಎದುರಾಳಿಯ ಮೇಲೆ ಬೀಳಿಸುವುದು) ತಪ್ಪಿತು, ರಾಕ್‌ನಿಂದ ಎರಡು ರಾಕ್ ಬಾಟಮ್, ಒಂದು ಪೀಪಲ್ಸ್ ಎಲ್ಬೋ (ಬಿದ್ದವನ ಎದೆಗೆ ಮೊಣಕೈ), ರಾಕ್ ಗೆದ್ದ, ಮುಗಿಯಿತು.

2025ರ ಜುಲೈ 24ರಂದು ಹೋಗನ್ ತೀರಿಕೊಂಡ ಸುದ್ದಿ ಬಂದಾಗ ಮತ್ತೆ ಹಾಕಿ ನೋಡಿದೆ. ಅಪಾಯದ ಪಟ್ಟು ಒಂದೂ ಇಲ್ಲ. ಏಣಿ ಇಲ್ಲ, ಮೇಜು ಮುರಿಯುವುದಿಲ್ಲ. ಆದರೂ ಈ ಹತ್ತು ವರ್ಷದಲ್ಲಿ ಇದರಷ್ಟು ನನ್ನನ್ನು ಹಿಡಿದ ಮ್ಯಾಚ್ ಇನ್ನೊಂದಿಲ್ಲ. ನಿಮ್ಮದು?


ಸುರತ್ಕಲ್ 84:

ಇಲ್ಲ ಮಾರಾಯ್ರೇ, ಒಪ್ಪುವುದಿಲ್ಲ. ಸ್ಕೈಡೋಮಿನ ಸದ್ದನ್ನು ತೆಗೆದಿಟ್ಟು ಆ ಮ್ಯಾಚ್ ನೋಡಿ. ಅರ್ಧ ಹೊತ್ತು ಇಬ್ಬರೂ ನಡೆಯುತ್ತಾ ಇರುತ್ತಾರೆ.

ನನ್ನದು ಅಂಡರ್‌ಟೇಕರ್ ಮತ್ತು ಶಾನ್ ಮೈಕಲ್ಸ್, ರೆಸಲ್‌ಮೇನಿಯಾ 25, ಹ್ಯೂಸ್ಟನ್, 2009ರ ಏಪ್ರಿಲ್ 5. ಇಬ್ಬರೂ ಟೆಕ್ಸಸ್‌ನವರು, ಮ್ಯಾಚೂ ಟೆಕ್ಸಸ್‌ನಲ್ಲೇ. ಇದರ ಹಿಂದೆ ಇನ್ನೊಂದು ವಿಷಯ ಉಂಟು. 1998ರ ರಾಯಲ್ ರಂಬಲ್ ಅನ್ನುವ ಶೋನಲ್ಲಿ ಇದೇ ಅಂಡರ್‌ಟೇಕರ್ ಜತೆ ಶವಪೆಟ್ಟಿಗೆ ಮ್ಯಾಚ್ (ಎದುರಾಳಿಯನ್ನು ಪೆಟ್ಟಿಗೆಗೆ ಹಾಕಿ ಮುಚ್ಚಿದವನು ಗೆಲ್ಲುವುದು) ಆಡುವಾಗ ಶಾನ್‌ನ ಬೆನ್ನು ಪೆಟ್ಟಿಗೆಯ ಅಂಚಿಗೆ ಬಡಿಯಿತು. ಅದೇ ವರ್ಷ ಮಾರ್ಚ್‌ನಲ್ಲಿ ಚಾಂಪಿಯನ್ ಬೆಲ್ಟ್ ಸೋತ, ನಾಲ್ಕು ವರ್ಷ ಆ ಕಂಪನಿಯಲ್ಲಿ ಮ್ಯಾಚ್ ಆಡಲಿಲ್ಲ. 2002ರ ಸಮ್ಮರ್‌ಸ್ಲ್ಯಾಮ್‌ನಲ್ಲಿ ಟ್ರಿಪಲ್ ಎಚ್ ಎದುರು ವಾಪಸ್ ಬಂದ, ಅದೇ ಒಂದು ದೊಡ್ಡ ಮ್ಯಾಚ್. ಯಾರ ಎದುರು ಬೆನ್ನು ಮುರಿಯಿತೋ ಅವನ ಎದುರೇ ಹನ್ನೊಂದು ವರ್ಷ ಕಳೆದು, 43ನೇ ವಯಸ್ಸಿನಲ್ಲಿ, ಜೀವನದ ಅತಿ ಒಳ್ಳೆಯ ಮ್ಯಾಚ್ ಆಡುವುದು ಅಂದರೆ ಸುಮ್ನೆ ಮಾತಲ್ಲ.

ಪ್ರವೇಶ ನೋಡಿ. ಶಾನ್ ಬಿಳಿ ಬಟ್ಟೆಯಲ್ಲಿ ಬೆಳಕಿನ ನಡುವೆ ಮೇಲಿಂದ ಇಳಿಯುತ್ತಾನೆ, ಅಂಡರ್‌ಟೇಕರ್ ನೆಲದ ಕೆಳಗಿನಿಂದ ಏಳುತ್ತಾನೆ. ನಮ್ಮ ಕಡೆ ಯಕ್ಷಗಾನದ ಆಟ ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ, ಬಣ್ಣದ ವೇಷ ಬರುವಾಗ ಚೆಂಡೆ, ದೊಂದಿ, ರಾಳದ ಬೆಂಕಿ ಎಲ್ಲ ಸೇರಿ ಎದೆ ಹೊಡೆದುಕೊಳ್ಳುತ್ತದಲ್ಲ, ಅದೇ. ಮಧ್ಯದಲ್ಲಿ ಅಂಡರ್‌ಟೇಕರ್ ಹಗ್ಗದ ಮೇಲಿಂದ ಹೊರಗೆ ಹಾರಿದ, ಹಿಡಿಯಬೇಕಾದವನು ಸರಿಯಾಗಿ ಹಿಡಿಯಲಿಲ್ಲ, ತಲೆಯ ಮೇಲೇ ಬಿದ್ದ. ಆಮೇಲೂ ಮ್ಯಾಚ್ ನಿಲ್ಲಲಿಲ್ಲ. ಟೂಂಬ್‌ಸ್ಟೋನ್ (ತಲೆಕೆಳಗಾಗಿ ಹಿಡಿದು ನೆಲಕ್ಕೆ ಹಾಕುವ ಅಂಡರ್‌ಟೇಕರ್‌ನ ಪಟ್ಟು) ಹಾಕಿದ ಮೇಲೂ ಶಾನ್ ಎದ್ದಾಗ ಅಂಡರ್‌ಟೇಕರ್ ಮುಖದಲ್ಲಿದ್ದ ಆ ಗಾಬರಿ ನೋಡಬೇಕು. ಕೊನೆಗೆ ಶಾನ್ ಮೂನ್‌ಸಾಲ್ಟ್ (ಹಿಂದಕ್ಕೆ ಪಲ್ಟಿ) ಹಾರಿದ, ಅಂಡರ್‌ಟೇಕರ್ ಗಾಳಿಯಲ್ಲೇ ಹಿಡಿದು ಇನ್ನೊಂದು ಟೂಂಬ್‌ಸ್ಟೋನ್. ರೆಸಲ್‌ಮೇನಿಯಾದಲ್ಲಿ ಅಂಡರ್‌ಟೇಕರ್‌ನ ಲೆಕ್ಕ 17-0, ಒಂದೂ ಸೋಲಿಲ್ಲ.

ಅವತ್ತು ಅದರ ನಂತರ ಏನು ನಡೆಯಿತು ಅಂತ ಯಾರಿಗೂ ನೆನಪಿಲ್ಲ. ನನಗೂ ಇಲ್ಲ.


ಕಲ್ಸಂಕದ ಅಕ್ಕ:

ಗಂಡು ಮಕ್ಕಳೇ ಮಾತಾಡುತ್ತಿದ್ದೀರಿ, ನಾನೂ ಸೇರುತ್ತೇನೆ. ಉಡುಪಿಯ ನಮ್ಮ ಮನೆಯಲ್ಲಿ ಸ್ಮ್ಯಾಕ್‌ಡೌನ್ ಅನ್ನುವ ವಾರದ ರೆಸ್ಲಿಂಗ್ ಶೋ ನೋಡುತ್ತಿದ್ದವರು ನಾನು, ಇಬ್ಬರು ತಮ್ಮಂದಿರು ಮತ್ತು ಅಜ್ಜಿ. ಹೌದು, ಅಜ್ಜಿ. ರಾತ್ರಿಯಿಡೀ ಕೂತು ಆಟ ನೋಡುತ್ತಿದ್ದವರು. ತಮ್ಮ ಒಮ್ಮೆ ಅವರಿಗೆ, ಇದೆಲ್ಲ ಮೊದಲೇ ತೀರ್ಮಾನ ಆಗಿರುತ್ತದೆ ಅಜ್ಜಿ, ಯಾರು ಗೆಲ್ಲುವುದು ಅಂತ ಅವರಿಗೆ ಗೊತ್ತಿರುತ್ತದೆ ಅಂದ. ಅಜ್ಜಿ ಟಿವಿಯಿಂದ ಕಣ್ಣು ತೆಗೆಯದೆ, "ಅಭಿಮನ್ಯು ಸಾಯುವುದು ನನಗೆ ಗೊತ್ತಿಲ್ವಾ? ಆದರೂ ಪ್ರತಿ ಸಲ ಅಳು ಬರುತ್ತದೆ, ಸುಮ್ಮನೆ ಕೂತುಕೋ" ಅಂದರು. ಫೇಕ್ ಅಲ್ವಾ ಅಂತ ಯಾರಾದರೂ ಕೇಳಿದರೆ ನಾನು ಈಗಲೂ ಇದನ್ನೇ ಹೇಳುವುದು.

ಅಜ್ಜಿಗೆ ರೇ ಮಿಸ್ಟೀರಿಯೋ ಅಂದರೆ ಪ್ರಾಣ. ಹೆಸರು ಬಾಯಿಗೆ ಬರುತ್ತಿರಲಿಲ್ಲ, "ಮುಖವಾಡದ ಮಾಣಿ" ಅನ್ನುತ್ತಿದ್ದರು. 2006ರ ರಾಯಲ್ ರಂಬಲ್‌ನಲ್ಲಿ (ಮೂವತ್ತು ಜನ ಒಬ್ಬೊಬ್ಬರಾಗಿ ಬಂದು, ಕೊನೆಗೆ ಉಳಿದವನು ಗೆಲ್ಲುವ ಮ್ಯಾಚ್) ಅವನು ಎರಡನೆಯವನಾಗಿ ಬಂದು, ಒಂದು ಗಂಟೆಗೂ ಜಾಸ್ತಿ ಹೊತ್ತು ನಿಂತು ಗೆದ್ದಾಗ ಅವರು ಬೆಲ್ಲ ಹಂಚಿದ್ದರು.

ಆದರೆ ನನ್ನ ಮ್ಯಾಚ್ ಅದಲ್ಲ. ಎಡ್ಡಿ ಗೆರೆರೋ ಮತ್ತು ಬ್ರಾಕ್ ಲೆಸ್ನರ್, ನೋ ವೇ ಔಟ್ ಅನ್ನುವ ಶೋ, 2004ರ ಫೆಬ್ರುವರಿ 15, ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರದ ಕೌ ಪ್ಯಾಲೇಸ್. ಎಡ್ಡಿಯನ್ನು ಕುಡಿತದ ಕಾರಣಕ್ಕೆ 2001ರಲ್ಲಿ ಕಂಪನಿ ಹೊರಗೆ ಹಾಕಿತ್ತು. ಸಣ್ಣ ಸಣ್ಣ ಹಾಲ್‌ಗಳಲ್ಲಿ ಆಡಿ, ಚಟ ಬಿಟ್ಟು, 2002ರಲ್ಲಿ ವಾಪಸ್ ಬಂದವನು. ಎದುರಿಗೆ ಬೆಟ್ಟದ ಹಾಗಿರುವ ಬ್ರಾಕ್. ಆ ಮ್ಯಾಚಿನ ಬಹುಪಾಲು ಎಡ್ಡಿ ಬರೀ ಪೆಟ್ಟು ತಿನ್ನುತ್ತಾನೆ. ಬ್ರಾಕ್ ಅವನನ್ನು ಬಟ್ಟೆ ಒಗೆದ ಹಾಗೆ ಎತ್ತಿ ಎತ್ತಿ ಒಗೆಯುತ್ತಾನೆ, ಆದರೆ ಎಡ್ಡಿ ಪ್ರತಿ ಸಲ ಬ್ರಾಕ್‌ನ ಕಾಲಿಗೇ ಕೈ ಹಾಕುತ್ತಾನೆ, ಅವನ ತಲೆಯಲ್ಲಿ ಒಂದು ಲೆಕ್ಕ ಇದೆ ಅಂತ ನಮಗೆ ಕಾಣಿಸುತ್ತದೆ. ಕೊನೆಯ ಹೊತ್ತಿಗೆ ಗೋಲ್ಡ್‌ಬರ್ಗ್ ಅನ್ನುವ ಇನ್ನೊಬ್ಬ ರೆಸ್ಲರ್ ಬಂದು ಬ್ರಾಕ್‌ಗೆ ಸ್ಪಿಯರ್ (ಓಡಿಬಂದು ಭುಜದಿಂದ ಗುದ್ದುವುದು) ಹೊಡೆದ ನಿಜ. ಆದರೂ ಆ ಒಂದು ಏಟಿಗೇ ಬ್ರಾಕ್ ಸೋಲಲಿಲ್ಲ. ಆಮೇಲೂ ಎಡ್ಡಿ ಬೆಲ್ಟಿನ ಮೇಲೆ ಡಿಡಿಟಿ (ತಲೆ ಹಿಡಿದು ಕೆಳಕ್ಕೆ ಬೀಳಿಸುವುದು) ಹಾಕಿ, ಮೇಲಿನ ಹಗ್ಗದಿಂದ ಫ್ರಾಗ್ ಸ್ಪ್ಲ್ಯಾಶ್ ಹಾರಿ ಗೆಲ್ಲಬೇಕಾಯಿತು. ಗೆದ್ದ ಮೇಲೆ ಜನರ ನಡುವೆ ಹೋಗಿ ಬಿದ್ದ, ಅಮ್ಮನನ್ನು ಅಪ್ಪಿಕೊಂಡ. ನಾವು ಅತ್ತಿದ್ದೇವೆ.

2005ರ ನವೆಂಬರ್ 13ರಂದು ಅವನು ಹೋದ. 38 ವರ್ಷ. ಅಜ್ಜಿಗೆ ಹೇಳಲು ನಮಗೆ ಎರಡು ದಿನ ಬೇಕಾಯಿತು.

ಇನ್ನೊಂದು, ಇದನ್ನು ಯಾರೂ ಹೇಳುವುದಿಲ್ಲ ಅಂತ ನಾನೇ ಹೇಳುತ್ತೇನೆ: ಟ್ರಿಶ್ ಸ್ಟ್ರೇಟಸ್ ಮತ್ತು ಲೀಟಾ, ರಾ ಅನ್ನುವ ವಾರದ ಶೋ, 2004ರ ಡಿಸೆಂಬರ್ 6. ಹೆಂಗಸರ ಮ್ಯಾಚ್ ಅಂದರೆ ಎದ್ದು ನೀರು ಕುಡಿದು ಬರುವ ಹೊತ್ತು ಅಂತ ಎಲ್ಲರೂ ಅಂದುಕೊಂಡಿದ್ದ ಕಾಲದಲ್ಲಿ ಅವರಿಬ್ಬರದ್ದು ಆ ರಾತ್ರಿಯ ಕೊನೆಯ ಮ್ಯಾಚ್. ಲೀಟಾ ಹೊರಗೆ ಹಾರಿ ಕುತ್ತಿಗೆಯ ಮೇಲೆ ಬಿದ್ದಳು, ಆದರೂ ಮುಗಿಸಿದಳು, ಗೆದ್ದಳು.


ಹಡಗಿನವ:

ಅಕ್ಕ, ಎಡ್ಡಿ ಬಗ್ಗೆ ಬರೆದದ್ದು ಓದಿ ಕಣ್ಣು ಒದ್ದೆಯಾಯಿತು.

ನಾನು ಮಲ್ಪೆಯವನು, ಹಡಗಿನಲ್ಲಿ ಕೆಲಸ. ಯೊಕೊಹಾಮಾದಲ್ಲಿ ಒಮ್ಮೆ ಡಿವಿಡಿ ತೆಗೆದುಕೊಂಡೆ, ಕವರಿನ ಮೇಲೆ ಏನು ಬರೆದಿದೆ ಅಂತಲೂ ಗೊತ್ತಿರಲಿಲ್ಲ. ಕೊಬಾಶಿ ಮತ್ತು ಮಿಸಾವಾ, 2003ರ ಮಾರ್ಚ್ 1, ಟೋಕಿಯೋದ ನಿಪ್ಪಾನ್ ಬುಡೋಕಾನ್. ನೋವಾ ಅನ್ನುವ ಕಂಪನಿ, 2000ದಲ್ಲಿ ಮಿಸಾವಾ ಅವರೇ ಕಟ್ಟಿದ್ದು. ಇಬ್ಬರೂ ತೊಂಬತ್ತರ ದಶಕದಿಂದ ಒಬ್ಬರ ಎದುರು ಒಬ್ಬರು ಆಡಿದವರು. ಕೊಬಾಶಿಗೆ ಮೊಣಕಾಲಿನ ಆಪರೇಷನ್ ಆಗಿ ಒಂದು ವರ್ಷಕ್ಕೂ ಮೇಲೆ ಮನೆಯಲ್ಲಿದ್ದು ಬಂದಿದ್ದರು.

ಅಲ್ಲಿ ಮೈಕ್ ಹಿಡಿದು ಮಾತಿಲ್ಲ, ನಾಟಕ ಇಲ್ಲ. ಮಿಸಾವಾ ಮೊಣಕೈಯಿಂದ ಹೊಡೆಯುತ್ತಾರೆ, ಕೊಬಾಶಿ ಕೈಯ ಅಂಚಿನಿಂದ ಎದೆಗೆ. ಎದೆ ಕೆಂಪಾಗಿ ಊದಿಕೊಳ್ಳುವುದು ಕಣ್ಣಿಗೆ ಕಾಣುತ್ತದೆ. ಕಮೆಂಟರಿ ಒಂದಕ್ಷರ ಅರ್ಥವಾಗದೆ ಕ್ಯಾಬಿನ್‌ನಲ್ಲಿ ಒಬ್ಬನೇ ಕೂತು ನೋಡಿದೆ, ಆದರೆ ಯಾರಿಗೆ ಎಲ್ಲಿ ನೋವು, ಯಾರು ಯಾಕೆ ಹೆದರಿದ್ದಾರೆ, ಎಲ್ಲ ಗೊತ್ತಾಗುತ್ತಿತ್ತು. ಪ್ರವೇಶದ ದಾರಿಯ ಎತ್ತರದಿಂದ ಮಿಸಾವಾ ಕೊಬಾಶಿಯನ್ನು ಹಿಂದಕ್ಕೆ ಎತ್ತಿ ಕೆಳಗಿನ ನೆಲಕ್ಕೆ ಹಾಕಿದಾಗ ನಾನು ಎದ್ದು ನಿಂತುಬಿಟ್ಟೆ. ಕೊಬಾಶಿ ಅದರಿಂದಲೂ ಎದ್ದು, ಬರ್ನಿಂಗ್ ಹ್ಯಾಮರ್ ಅನ್ನುವ ತಮ್ಮ ಪಟ್ಟು ಹಾಕಿ ಗೆದ್ದರು. ಎರಡು ವರ್ಷ ಬೆಲ್ಟ್ ಅವರ ಹತ್ತಿರವೇ ಇತ್ತು.

ನನಗೆ ಇದೇ ಮೊದಲು. ಆದರೆ 2009ರ ಜೂನ್ 13ರಂದು ಹಿರೋಶಿಮಾದಲ್ಲಿ ಮಿಸಾವಾ ಒಂದು ಸಪ್ಲೆಕ್ಸ್ (ಹಿಂದಕ್ಕೆ ಎತ್ತಿ ಹಾಕುವ ಪಟ್ಟು) ತಿಂದು ರಿಂಗ್‌ನಲ್ಲೇ ಬಿದ್ದು ತೀರಿಕೊಂಡರು, 46 ವರ್ಷ. ಅಂದಿನಿಂದ ಆ ನೆಲಕ್ಕೆ ಹಾಕುವ ಜಾಗ ಬಂದರೆ ಮುಂದಕ್ಕೆ ಓಡಿಸುತ್ತೇನೆ.


ಕಾರ್ಕಳ ಎಕ್ಸ್‌ಪ್ರೆಸ್:

2003ರ ಜೂನ್‌ನಲ್ಲಿ ಬ್ರಾಕ್ ಬಿಗ್ ಶೋನನ್ನು ಮೇಲಿನ ಹಗ್ಗದಿಂದ ಎತ್ತಿ ಹಾಕಿ ರಿಂಗೇ ಕುಸಿದದ್ದು ಲೆಕ್ಕಕ್ಕಿಲ್ವಾ? ಮ್ಯಾಚ್ ಅಂತ ಅಲ್ಲ, ಆದರೆ ನನ್ನ ಇಡೀ ಕ್ಲಾಸಿಗೆ ಒಂದು ವಾರ ಅದೇ ಮಾತು.

ಒಂದು ಕಷ್ಟದ ಪ್ರಶ್ನೆ. ರೆಸಲ್‌ಮೇನಿಯಾ 20ರ ಕೊನೆಯ ಮ್ಯಾಚ್, ಬೆನ್ವಾ, ಟ್ರಿಪಲ್ ಎಚ್, ಶಾನ್, 2004ರ ಮಾರ್ಚ್ 14. ಆಗ ನನಗೆ ಅದಕ್ಕಿಂತ ಒಳ್ಳೆಯದು ಇರಲಿಲ್ಲ. 2007ರ ಜೂನ್‌ನಲ್ಲಿ ಬೆನ್ವಾ ಹೆಂಡತಿಯನ್ನೂ ಏಳು ವರ್ಷದ ಮಗನನ್ನೂ ಕೊಂದು ತಾನೂ ಸತ್ತ. ಈಗ ಆ ಮ್ಯಾಚನ್ನು ಏನು ಮಾಡುವುದು? ಇಂಥ ಪಟ್ಟಿಯಲ್ಲಿ ಇಡಬಹುದಾ?


ಕಲ್ಸಂಕದ ಅಕ್ಕ:

ನಾನು ಇಡುವುದಿಲ್ಲ. ಕೊನೆಯಲ್ಲಿ ಎಡ್ಡಿಯೂ ಅವನೂ ಬೆಲ್ಟ್ ಹಿಡಿದು ಅಪ್ಪಿಕೊಳ್ಳುವುದನ್ನು ನೋಡಿ ಆಗ ನಾವು ಕುಣಿದಿದ್ದೆವು. ಈಗ ನೋಡಿದರೆ ಆ ಮಗುವಿನ ನೆನಪೇ ಬರುವುದು. ಒಳ್ಳೆಯ ಮ್ಯಾಚ್ ಆಗಿತ್ತಾ ಅಂದರೆ ಆಗಿತ್ತು. ನನ್ನ ಪಟ್ಟಿಯಲ್ಲಿ ಬೇಡ, ಅಷ್ಟೇ.


ಸುರತ್ಕಲ್ 84:

ಅಕ್ಕ ಹೇಳಿದ್ದು ಸರಿ. ಅವನ ತಲೆಗೆ ವರ್ಷಗಟ್ಟಲೆ ಬಿದ್ದ ಪೆಟ್ಟಿನಿಂದ ಮೆದುಳು ಬಹಳ ಹಾಳಾಗಿತ್ತು ಅಂತ ಆಮೇಲೆ ಪರೀಕ್ಷೆ ಮಾಡಿದ ಡಾಕ್ಟರುಗಳು ಹೇಳಿದ್ದರು. ಅದರಿಂದ ಅವನು ಮಾಡಿದ್ದು ಸಣ್ಣದಾಗುವುದಿಲ್ಲ. ಆದರೆ ಆ ಕಾಲದಲ್ಲಿ ತಲೆಗೆ ಕುರ್ಚಿಯಿಂದ ಬಾರಿಸಿದಾಗ ನಾವೆಲ್ಲ ಚಪ್ಪಾಳೆ ಹೊಡೆದದ್ದು ನೆನಪಾದರೆ ಈಗ ಸಂಕಟವಾಗುತ್ತದೆ.


ಬಿಜೈ ಹುಡುಗ:

ನಾನು ರಾಕ್-ಹೋಗನ್ ಅಂದದ್ದು ಇದಕ್ಕೇ. ಸುರತ್ಕಲ್ ಅಣ್ಣ ಸದ್ದು ತೆಗೆದು ನೋಡಿ ಅಂದರು, ಆದರೆ ಸದ್ದು ತೆಗೆಯುವುದು ಯಾಕೆ? ಚೆಂಡೆ ಇಲ್ಲದೆ ಬಣ್ಣದ ವೇಷ ನೋಡುತ್ತೀರಾ? ಆ ಜನರೂ ಮ್ಯಾಚಿನ ಒಳಗೇ ಇದ್ದಾರೆ. ಮಿಸಾವಾ ಹೋದರು, ಎಡ್ಡಿ ಹೋದ, ಶಾನ್‌ನ ಬೆನ್ನು ನಾಲ್ಕು ವರ್ಷ ತಿಂದಿತು. ಹೋಗನ್ ಆಡಿದ ಮಾತುಗಳ ಬಗ್ಗೆ ನನಗೂ ಬೇಸರವಿದೆ, 2015ರಲ್ಲಿ ಹೊರಬಂದ ಆ ಜನಾಂಗದ್ವೇಷದ ಮಾತು ಕ್ಷಮಿಸುವಂಥದ್ದಲ್ಲ. ಆದರೆ ಆ ರಾತ್ರಿ ಇಬ್ಬರು ಒಂದು ಕೈ ಎತ್ತಿ, ಒಂದು ಸಲ ತಿರುಗಿ ನೋಡಿ 68 ಸಾವಿರ ಜನರನ್ನು ಏಳಿಸಿದರು, ಯಾರ ಕುತ್ತಿಗೆಯೂ ಮುರಿಯಲಿಲ್ಲ. ನನಗೆ ಅದು ದೊಡ್ಡ ಕೆಲಸ.

ಹಡಗಿನವರೇ, ಕೊಬಾಶಿ ಮ್ಯಾಚ್ ನಿನ್ನೆ ರಾತ್ರಿ ಹುಡುಕಿ ನೋಡಿದೆ. ನೀವು ಹೇಳಿದ ಜಾಗದಲ್ಲಿ ನಾನು ಮುಂದಕ್ಕೆ ಓಡಿಸಲಿಲ್ಲ, ಆದರೆ ಇನ್ನೊಮ್ಮೆ ನೋಡಲಾರೆ. ಮಿಕ್ಕಿದ್ದೆಲ್ಲ, ಆ ಎದೆಗೆ ಹೊಡೆಯುವುದು, ಮಿಸಾವಾ ಮುಖದಲ್ಲಿ ಏನೂ ತೋರಿಸದೆ ಇರುವುದು, ಭಾರೀ ಇತ್ತು. ಬೇರೆ ಯಾವುದಾದರೂ ಹೇಳಿ.


ಹಡಗಿನವ:

ಕೊಬಾಶಿ ಮತ್ತು ಸಮೋವಾ ಜೋ, 2005ರ ಅಕ್ಟೋಬರ್ 1, ನ್ಯೂಯಾರ್ಕ್. ಅದರಲ್ಲಿ ಬರೀ ಎದೆಗೆ ಹೊಡೆಯುವುದೇ ಜಾಸ್ತಿ. ಸಣ್ಣ ಹಾಲ್, ಸದ್ದು ಮಾತ್ರ ನಿಮ್ಮ ಸ್ಕೈಡೋಮಿನ ಹಾಗೆ. ಅದನ್ನು ನೋಡಿ, ಆಮೇಲೆ ಬರೆಯಿರಿ. ನಾನು 20ಕ್ಕೆ ಹಡಗು ಹತ್ತುತ್ತೇನೆ, ಅದರೊಳಗೆ ಹೇಳಿದರೆ ಒಳ್ಳೆಯದು.