ಪದಕ ಎಣಿಸದ ಒಲಿಂಪಿಕ್ಸ್ ಆಗುತ್ತಾ?

ದಾವಣಗೆರೆ ರವಿ:
ಮುಂದಿನ ಯೂತ್ ಒಲಿಂಪಿಕ್ಸ್ (ಹದಿಹರೆಯದವರ ಒಲಿಂಪಿಕ್ಸ್) 2026ರ ಅಕ್ಟೋಬರ್ 31ರಿಂದ ಸೆನೆಗಲ್‌ನ ಡಕಾರ್‌ನಲ್ಲಿ. 2022ರಲ್ಲೇ ಆಗಬೇಕಿತ್ತು, ಕೋವಿಡ್ ಗಲಾಟೆಯಲ್ಲಿ ಮುಂದಕ್ಕೆ ಹೋಯಿತು. ಆಫ್ರಿಕಾದಲ್ಲಿ ಒಲಿಂಪಿಕ್ ಕೂಟ ಇದೇ ಮೊದಲು, ಅದು ಖುಷಿಯೇ. ನನ್ನ ತಕರಾರು ಬೇರೆ. ಈ ಕೂಟದಲ್ಲಿ ಗೆಲುವಿಗಿಂತ ಗೆಳೆತನ, ಗೌರವ, ಕಲಿಕೆ ದೊಡ್ಡದಂತೆ. ಹಾಗಂತಲೇ 2010ರಲ್ಲಿ ಸಿಂಗಪುರದವರು ದೇಶವಾರು ಪದಕ ಪಟ್ಟಿಯನ್ನೇ ಇಡಲಿಲ್ಲ. ಆದರೆ 2018ರಲ್ಲಿ ಬ್ಯೂನಸ್ ಐರಿಸ್‌ನಿಂದ ನಮ್ಮ ಮಕ್ಕಳು ಬಂದಾಗ ಎಲ್ಲರ ಬಾಯಲ್ಲೂ ಒಂದೇ ಲೆಕ್ಕ: 3 ಚಿನ್ನ, 9 ಬೆಳ್ಳಿ, 1 ಕಂಚು. ಆದರ್ಶ ಸುಮ್ನೆ ಬ್ಯಾನರ್‌ಗೆ ಬರೆಸೋ ಮಾತು, ಅಲ್ವಾ?

ಶಟಲ್ ಅಮ್ಮ:
ರವಿ ಸರ್, ಆ 13ರ ಲೆಕ್ಕದಲ್ಲಿ ಸೇರದ ಪದಕಗಳೂ ಇವೆ. ಅಲ್ಲೇ ಇರುವುದು ಸ್ವಾರಸ್ಯ. ಮನು ಭಾಕರ್ ಏರ್ ಪಿಸ್ತೂಲ್‌ನಲ್ಲಿ ಚಿನ್ನ ಗೆದ್ದಳು. ಆಮೇಲೆ ತಜಿಕಿಸ್ತಾನದ ಹುಡುಗನ ಜೊತೆ ಜೋಡಿಯಾಗಿ ನಿಂತು ಬೆಳ್ಳಿಯನ್ನೂ ಗೆದ್ದಳು. ಅದು ಯಾವ ದೇಶದ ಬೆಳ್ಳಿ? ಯಾವ ದೇಶದ್ದೂ ಅಲ್ಲ. ನಮ್ಮ ಬೆಂಗಳೂರಿನ ಪ್ರಕಾಶ್ ಪಡುಕೋಣೆ ಅಕಾಡೆಮಿಯಲ್ಲಿ ಬೆಳೆದ ಲಕ್ಷ್ಯ ಸೇನ್ ಬ್ಯಾಡ್ಮಿಂಟನ್ ಸಿಂಗಲ್ಸ್ ಫೈನಲ್‌ನಲ್ಲಿ ಚೀನಾದ ಲೀ ಶಿಫೆಂಗ್‌ಗೆ 15-21, 19-21ರಲ್ಲಿ ಸೋತ. ಆದರೆ ಬೇರೆ ಬೇರೆ ದೇಶದ ಮಕ್ಕಳನ್ನು ಸೇರಿಸಿ ಕಟ್ಟಿದ ‘ಆಲ್ಫಾ’ ತಂಡದಲ್ಲಿ ಆಡಿ ಚಿನ್ನ ತಂದ.

ನನ್ನ ಮಗಳು 13 ವರ್ಷದೊಳಗಿನವರ ಟೂರ್ನಿ ಆಡುತ್ತಾಳೆ. ಎದುರಾಳಿ ಹುಡುಗಿ ಜೊತೆ ಮಾತಾಡಬೇಡ ಅಂತ ಅವರಪ್ಪ ಗ್ಯಾಲರಿಯಿಂದಲೇ ಕೂಗುತ್ತಾರೆ. ಲೈನ್ ಕಾಲ್ ತಪ್ಪಾದರೆ ಅಪ್ಪ-ಅಮ್ಮಂದಿರದ್ದೇ ಜಗಳ. ಮಕ್ಕಳಿಬ್ಬರೂ ಬಾಟಲಿ ಹಿಡಿದು ನೆಲ ನೋಡಿಕೊಂಡು ನಿಂತಿರುತ್ತಾರೆ. ಅದನ್ನು ನೋಡಿದವಳಿಗೆ ತಜಿಕ್ ಹುಡುಗನ ಕಥೆ ಬ್ಯಾನರ್ ಮಾತು ಅನ್ನಿಸುವುದಿಲ್ಲ.

ಸಿಂಗಪುರ ಕನ್ನಡಿಗ:
2010ರಲ್ಲಿ ನಾನು ಇಲ್ಲೇ ಇದ್ದೆ. ಆಗಿನ ಐಒಸಿ (ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ) ಅಧ್ಯಕ್ಷ ಜಾಕ್ ರೋಗ್ ಅವರ ಕನಸಿನ ಮೊದಲ ಕೂಟ ಅದು. ಸುಮಾರು 3,600 ಮಕ್ಕಳು ಬಂದಿದ್ದರು. ಇಲ್ಲಿನ ಶಾಲೆಗಳಿಗೆ ಒಂದೊಂದು ದೇಶ ಹಂಚಿದ್ದರು, ಮಕ್ಕಳು ಆ ದೇಶದ ಬಾವುಟ ಹಿಡಿದು ಬರುತ್ತಿದ್ದರು. ಅದು ನಿಜಕ್ಕೂ ಚೆನ್ನಾಗಿತ್ತು. ಆದರೆ ಎರಡು ವಿಷಯ ಮರೆಯುವಂಥದ್ದಲ್ಲ. ಮೊದಲು 104 ಮಿಲಿಯನ್ ಡಾಲರ್ ಅಂದಿದ್ದ ಖರ್ಚು 387 ಮಿಲಿಯನ್‌ಗೆ ಹೋಯಿತು (ಸಿಂಗಪುರ ಡಾಲರ್). ಇನ್ನೊಂದು, ಟೇಕ್ವಾಂಡೋ ಫೈನಲ್‌ನಲ್ಲಿ ಇರಾನ್ ಹುಡುಗ, ಇಸ್ರೇಲ್ ಹುಡುಗ ಎದುರಾಗಬೇಕಿತ್ತು. ಇರಾನ್ ಹುಡುಗ ಬರಲೇ ಇಲ್ಲ. ಇಸ್ರೇಲ್ ಹುಡುಗನಿಗೆ ಆಡದೇ ಚಿನ್ನ. ಗೆಳೆತನದ ಕೂಟ ಅಂತ ಹೆಸರಿಟ್ಟರೆ ದೊಡ್ಡವರ ಜಗಳ ಗೇಟ್ ಹೊರಗೆ ನಿಲ್ಲುವುದಿಲ್ಲ.

ದಾವಣಗೆರೆ ರವಿ:
ನಾನು ಹೇಳಿದ್ದೂ ಅದೇ! ಇನ್ನೊಂದು ಮಾತು. ಇಷ್ಟು ಚಿಕ್ಕ ವಯಸ್ಸಿಗೆ ಇಷ್ಟು ದೊಡ್ಡ ವೇದಿಕೆ ಬೇಕಾ? ವೇಟ್‌ಲಿಫ್ಟರ್ ಜೆರೆಮಿ ಲಾಲ್‌ರಿನ್ನುಂಗಾಗೆ 2018ರಲ್ಲಿ ಬರೀ 15. ಒಟ್ಟು 274 ಕೆಜಿ ಎತ್ತಿ ಯೂತ್ ಒಲಿಂಪಿಕ್ಸ್‌ನಲ್ಲಿ ಭಾರತಕ್ಕೆ ಮೊದಲ ಚಿನ್ನ ತಂದ. 2022ರ ಕಾಮನ್‌ವೆಲ್ತ್‌ನಲ್ಲೂ ಚಿನ್ನ. 2024ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ಮಾತ್ರ ಹೋಗಲಾಗಲಿಲ್ಲ.

ಶಟಲ್ ಅಮ್ಮ:
ಅದೇ ಪ್ಯಾರಿಸ್‌ನಲ್ಲಿ ಮನು ಎರಡು ಕಂಚು ಗೆದ್ದಳು, ಲಕ್ಷ್ಯ ನಾಲ್ಕನೆಯವನಾದ. ಒಬ್ಬೊಬ್ಬರ ದಾರಿ ಒಂದೊಂದು. ಒಬ್ಬನನ್ನು ತೋರಿಸಿ ಕೂಟವನ್ನೇ ಬೈಯ್ಯೋದು ಯಾವ ನ್ಯಾಯ? ಇನ್ನೊಂದು, ಹುಡುಗ-ಹುಡುಗಿಯರ ಸಂಖ್ಯೆ ಸರಿಸಮ ಇದ್ದ ಮೊದಲ ಒಲಿಂಪಿಕ್ ಕೂಟ ಬ್ಯೂನಸ್ ಐರಿಸ್. ದೊಡ್ಡವರ ಒಲಿಂಪಿಕ್ಸ್ ಅಷ್ಟೊತ್ತಿಗೆ ಅಲ್ಲಿಗೆ ಬಂದಿರಲಿಲ್ಲ. 3x3 (ತಂಡಕ್ಕೆ ಮೂವರು ಆಡುವ) ಬ್ಯಾಸ್ಕೆಟ್‌ಬಾಲ್ ಕೂಡ ಮೊದಲು ಮಕ್ಕಳ ಕೂಟದಲ್ಲಿ ಆಡಿಸಿ, ಆಮೇಲೆ ಟೋಕಿಯೋಗೆ ತಂದದ್ದು.

ಪಿ.ಟಿ. ಮೇಷ್ಟ್ರು:
ನೀವೆಲ್ಲ ಮೇಲಿನ ಮಹಡಿ ಬಗ್ಗೆ ಮಾತಾಡುತ್ತಿದ್ದೀರಿ, ನಾನು ಮೆಟ್ಟಿಲ ಹತ್ತಿರ ನಿಂತವನು. ಸರ್ಕಾರಿ ಶಾಲೆಯಲ್ಲಿ 22 ವರ್ಷದಿಂದ ದೈಹಿಕ ಶಿಕ್ಷಕ. ನಮ್ಮಲ್ಲಿ ಆದರ್ಶ ಕೆಡುವುದು ಪದಕ ಪಟ್ಟಿಯಿಂದಲ್ಲ, ಜನನ ಪ್ರಮಾಣಪತ್ರದಿಂದ. ಒಮ್ಮೆ ಜಿಲ್ಲಾ ಮಟ್ಟದಲ್ಲಿ ನನ್ನ ಹುಡುಗ 600 ಮೀಟರ್‌ನಲ್ಲಿ ಎರಡನೆಯವನಾದ. ಗೆದ್ದವನು ಅವನಿಗಿಂತ ಒಂದೂವರೆ ಅಡಿ ಎತ್ತರ. ದಾಖಲೆಯಲ್ಲಿ ಮಾತ್ರ ಇಬ್ಬರೂ ಒಂದೇ ವಯಸ್ಸು. ನಾನು ಆಕ್ಷೇಪಣೆ ಬರೆದು ಕೊಟ್ಟೆ. ‘ಬಿಡಿ ಮೇಷ್ಟ್ರೇ, ನಿಮ್ಮ ಹುಡುಗನಿಗೂ ಬೆಳ್ಳಿ ಬಂತಲ್ಲ’ ಅಂದರು. ರಾಷ್ಟ್ರ ಮಟ್ಟಕ್ಕೆ ಹೋದರೆ ಮಣಿಕಟ್ಟಿನ ಎಕ್ಸ್‌ರೇ ತೆಗೆದು ಮೂಳೆ ನೋಡುತ್ತಾರೆ. ನಮ್ಮ ಹಂತದಲ್ಲಿ ಎಕ್ಸ್‌ರೇ ಎಲ್ಲಿ? ಬರೀ ಕಾಗದ.

ಸಿಂಗಪುರ ಕನ್ನಡಿಗ:
ಮೇಷ್ಟ್ರೇ, ಆ ಹುಡುಗ ಈಗ ಏನು ಮಾಡುತ್ತಿದ್ದಾನೆ?

ಪಿ.ಟಿ. ಮೇಷ್ಟ್ರು:
ಪಿಯುಸಿ ಮುಗಿಸಿ ಅವರಪ್ಪನ ಜೊತೆ ಟ್ರ್ಯಾಕ್ಟರ್ ಓಡಿಸುತ್ತಾನೆ. ಓಟ ಬಿಟ್ಟ. ಸಿಕ್ಕಾಗ ನಮಸ್ಕಾರ ಸರ್ ಅನ್ನುತ್ತಾನೆ, ಓಟದ ವಿಷಯ ನಾನೂ ಎತ್ತುವುದಿಲ್ಲ.

ದಾವಣಗೆರೆ ರವಿ:
ಮೇಷ್ಟ್ರೇ, ಇದಕ್ಕೆ ನನ್ನ ಹತ್ತಿರ ಜವಾಬಿಲ್ಲ. 2023ರ ಅಕ್ಟೋಬರ್‌ನಲ್ಲಿ ಮುಂಬೈನ ಐಒಸಿ ಸಭೆಯಲ್ಲಿ ಪ್ರಧಾನಿ, 2029ರ ಯೂತ್ ಒಲಿಂಪಿಕ್ಸ್ ನಡೆಸಲು ನಾವು ಉತ್ಸುಕರು ಅಂದಿದ್ದರು. ಇಲ್ಲಿಗೆ ಬಂದರೆ ಮೊದಲು ನಿಮ್ಮನ್ನು ಕರೆಯಬೇಕು.

ಪಿ.ಟಿ. ಮೇಷ್ಟ್ರು:
ಅದೆಲ್ಲ ಇರಲಿ. ನಾಳೆ ಬೆಳಿಗ್ಗೆ ಹೋಬಳಿ ಮಟ್ಟದ ಕ್ರೀಡಾಕೂಟ. ಪಟ್ಟಿಯಲ್ಲಿ 14ರೊಳಗಿನ ಹುಡುಗನೊಬ್ಬನಿಗೆ ಮೀಸೆ ಬಂದಿದೆ. ಅವನ ದಾಖಲಾತಿ ಪುಸ್ತಕ ತರಿಸಿದ್ದೇನೆ, ನೋಡಿ ಮಲಗುತ್ತೇನೆ.