ಹಳೆ ಮನೆಯ ಟಿವಿ ಲೈಸೆನ್ಸ್ ದುಡ್ಡು ವಾಪಸ್ ಬರುತ್ತಾ?

ಪ್ರಶ್ನೆ:
ನಮಸ್ಕಾರ ಸರ್. ರೆಡಿಂಗ್‌ನಲ್ಲಿ ಬಾಡಿಗೆಗಿದ್ದಾಗ ಕಳೆದ ಜುಲೈನಲ್ಲಿ ಟಿವಿ ಲೈಸೆನ್ಸಿಗೆ, ಅಂದರೆ ಇಲ್ಲಿ ಬ್ರಿಟನ್ನಿನಲ್ಲಿ ಟಿವಿ ನೋಡೋಕೆ ವರ್ಷವರ್ಷ ಕಟ್ಟುವ ಶುಲ್ಕಕ್ಕೆ, ಇಡೀ ವರ್ಷದ 174.50 ಪೌಂಡ್ ಒಂದೇ ಸಲ ಕಟ್ಟಿದ್ದೆ. ಈ ಜೂನ್ ಕೊನೆಯವರೆಗೆ ಇದೆ. ನವೆಂಬರ್ 20ಕ್ಕೆ ಮನೆ ಖಾಲಿ ಮಾಡಿ ಮಿಲ್ಟನ್ ಕೀನ್ಸ್‌ಗೆ ಬಂದೆವು. ಸಾಮಾನು ಇಳಿಸುವ ಗಡಿಬಿಡಿಯಲ್ಲಿ ನಮ್ಮ ಯಜಮಾನರು ಬಾಗಿಲ ಹತ್ತಿರ ಬಿದ್ದಿದ್ದ ಎಚ್ಚರಿಕೆ ಕಾಗದ ನೋಡಿ ಹೆದರಿ, ನನ್ನನ್ನು ಒಂದು ಮಾತೂ ಕೇಳದೆ ಹೊಸ ಮನೆಗೂ ಇನ್ನೊಂದು ಲೈಸೆನ್ಸ್ ತಗೊಂಡುಬಿಟ್ಟರು. ನನಗೆ ಗೊತ್ತಾಗಿದ್ದೇ ಜನವರಿಯಲ್ಲಿ, ಕಾರ್ಡಿನ ಲೆಕ್ಕ ನೋಡುವಾಗ. ಲೈಸೆನ್ಸಿನವರಿಗೆ ಮೂರು ಸಲ ಫೋನ್ ಮಾಡಿದೆ, ಮೂರು ಉತ್ತರ ಬಂತು. ಕೊನೆಗೆ ಫೆಬ್ರವರಿಯಲ್ಲಿ ಅರ್ಜಿ ಹಾಕಿದರೆ 58.17 ಪೌಂಡಿಗೆ ಚೆಕ್ ಕಳಿಸಿದ್ದೇವೆ ಅಂದರು. ಎಲ್ಲಿಗೆ ಕಳಿಸಿದ್ದಾರೆ ಗೊತ್ತಾ? ರೆಡಿಂಗ್ ಮನೆಗೆ! ಉಳಿದ ದುಡ್ಡು ಎಲ್ಲಿ ಹೋಯಿತು? ಸುಮ್ನೆ ಬಿಟ್ಟುಬಿಡೋಣ ಅನ್ನಿಸುತ್ತೆ, ಆದರೆ ಹೊಟ್ಟೆ ಉರಿಯುತ್ತೆ.

ಉತ್ತರ:
ಬಿಡಬೇಡಿ ಮೇಡಂ. ಸಲಹಾ ಕೇಂದ್ರದಲ್ಲಿ ನನ್ನ ಮೇಜಿಗೆ ಇಂಥದ್ದು ಬರುತ್ತಲೇ ಇರುತ್ತದೆ. ಲೈಸೆನ್ಸ್ ಇರುವುದು ವಿಳಾಸಕ್ಕೆ, ಮನುಷ್ಯರಿಗಲ್ಲ, ಟಿವಿಗೂ ಅಲ್ಲ. ಮನೆ ಬದಲಿಸುವಾಗ ಹಳೇದರ ವಿಳಾಸ ಬದಲಿಸಿದ್ದರೆ ಐದು ನಿಮಿಷದ ಕೆಲಸ, ದುಡ್ಡೂ ಇಲ್ಲ. ಇರಲಿ, ಯಜಮಾನರನ್ನು ಬೈಯೋದು ಆಮೇಲೆ.

58.17 ಎಲ್ಲಿಂದ ಬಂತು ನೋಡಿ. ಬಳಸದೆ ಉಳಿದ ಪೂರ್ತಿ ತಿಂಗಳಿಗೆ ಮಾತ್ರ ದುಡ್ಡು ವಾಪಸ್. ನೀವು ಅರ್ಜಿ ಹಾಕಿದ್ದು ಫೆಬ್ರವರಿಯಲ್ಲಿ, ಹಾಗಾಗಿ ಮಾರ್ಚ್‌ನಿಂದ ಜೂನ್‌ವರೆಗೆ ನಾಲ್ಕು ತಿಂಗಳು ಎಣಿಸಿದ್ದಾರೆ. ಆದರೆ ಆ ಮನೆ ನೀವು ಬಿಟ್ಟಿದ್ದು ನವೆಂಬರ್‌ನಲ್ಲಿ ಅಲ್ವಾ? ಅಲ್ಲಿಂದ ಎಣಿಸಿದರೆ ಡಿಸೆಂಬರ್‌ನಿಂದ ಏಳು ತಿಂಗಳು, 101.79 ಪೌಂಡ್ ಆಗುತ್ತದೆ. ನವೆಂಬರ್‌ನ ಕೊನೆಯ ಹತ್ತು ದಿನ ಹೋದ ಹಾಗೇ.

ಇನ್ನು ಫೋನ್ ಬೇಡ, ಬರವಣಿಗೆಯಲ್ಲಿ ಕೇಳಿ. ಮನೆ ಬಿಟ್ಟ ತಾರೀಕು, ಎರಡೂ ಲೈಸೆನ್ಸ್ ನಂಬರ್ ಬರೆದು, ಆ ತಾರೀಕಿನಿಂದಲೇ ಲೆಕ್ಕ ಹಾಕಿ ಅಂತ ಸ್ಪಷ್ಟವಾಗಿ ಹೇಳಿ. ಹಿಂದಿನ ತಿಂಗಳುಗಳಿಗೆ ಪುರಾವೆ ಕೇಳಬಹುದು, ಅದಕ್ಕೆ ರೆಡಿಂಗ್ ಕೌನ್ಸಿಲ್ ಟ್ಯಾಕ್ಸಿನ (ಸ್ಥಳೀಯ ಆಡಳಿತಕ್ಕೆ ಕಟ್ಟುವ ಮನೆ ತೆರಿಗೆ) ಕೊನೆಯ ಬಿಲ್ಲು ಜೊತೆಗಿಡಿ. ಹಳೆ ಚೆಕ್ ರದ್ದು ಮಾಡಿ ಹೊಸದನ್ನು ಈಗಿನ ವಿಳಾಸಕ್ಕೆ ಕಳಿಸಿ ಅಂತಲೂ ಸೇರಿಸಿ. ಅವಸರವೇನೂ ಇಲ್ಲ, ಲೈಸೆನ್ಸ್ ಅವಧಿ ಮುಗಿದು ಎರಡು ವರ್ಷದೊಳಗೆ ಕೇಳಬಹುದು, ಆದರೆ ತಡವಾದಷ್ಟೂ ಕಾಗದ ಹುಡುಕೋದು ಕಷ್ಟ.

ಇನ್ನೊಬ್ಬರು:
ಮಧ್ಯೆ ಬಾಯಿ ಹಾಕಿದ್ದಕ್ಕೆ ಬೇಜಾರಾಗಬೇಡಿ. ಲೈಸೆನ್ಸ್ ದುಡ್ಡು ಹೋಗುವುದು ಬಿಬಿಸಿಗೆ, ನಾವು ಬಿಬಿಸಿ ನೋಡುವುದೇ ಇಲ್ಲ ಸರ್. ನಮ್ಮತ್ತೆ ಮಧ್ಯಾಹ್ನ ಎರಡಕ್ಕೆ, ಅಂದರೆ ಊರಿನ ಏಳೂವರೆಗೆ, ಇಂಟರ್ನೆಟ್ ಬಾಕ್ಸಿನಲ್ಲಿ ಕನ್ನಡ ಧಾರಾವಾಹಿ ನೋಡುತ್ತಾರೆ, ಅಷ್ಟೇ. ಲೈಸೆನ್ಸ್ ರದ್ದು ಮಾಡಿ ನಾವೂ ದುಡ್ಡು ವಾಪಸ್ ಕೇಳಬಹುದಾ?

ಉತ್ತರ:
ಅತ್ತೆಯವರು ಅದನ್ನು ಲೈವ್ ನೋಡುವವರೆಗೂ ಆಗಲ್ಲ. ನಮ್ಮವರಲ್ಲಿ ಜಾಸ್ತಿ ಜನ ಎಡವುವುದೇ ಇಲ್ಲಿ. ಬಿಬಿಸಿ ನೋಡದಿದ್ದರೆ ಲೈಸೆನ್ಸ್ ಬೇಡ ಅಂತ ಯಾರೋ ಹೇಳುತ್ತಾರೆ, ಅದು ಎಲ್ಲರ ಬಾಯಲ್ಲೂ ಓಡಾಡುತ್ತದೆ. ಯಾವ ಚಾನೆಲ್ಲಾದರೂ ಸರಿ, ಯಾವ ದೇಶದ್ದಾದರೂ ಸರಿ, ಪ್ರಸಾರ ಆಗುತ್ತಿರುವ ಹೊತ್ತಿಗೇ ನೋಡಿದರೆ ಅಥವಾ ರೆಕಾರ್ಡ್ ಮಾಡಿದರೆ ಲೈಸೆನ್ಸ್ ಬೇಕು. ಫೋನಿನಲ್ಲಿ ನೋಡಿದರೂ ಅಷ್ಟೇ. ಬಿಬಿಸಿಯದೇ ಆ್ಯಪ್ ಆದ ಐಪ್ಲೇಯರ್‌ನಲ್ಲಂತೂ ಲೈವ್ ಅಲ್ಲದ್ದಕ್ಕೂ ಬೇಕು. ಸಿಕ್ಕಿಬಿದ್ದು ಕೋರ್ಟಿಗೆ ಹೋದರೆ ದಂಡ 1,000 ಪೌಂಡ್‌ವರೆಗೆ.

ಅದೇ ಸಂಚಿಕೆಯನ್ನು ಆಮೇಲೆ ಆ್ಯಪ್‌ನಲ್ಲಿ ಹಾಕಿಕೊಂಡು ನೋಡಿದರೆ ಬೇಡ. ನೆಟ್‌ಫ್ಲಿಕ್ಸ್ ಸಿನಿಮಾ, ಯೂಟ್ಯೂಬಿನ ಮಾಮೂಲಿ ವಿಡಿಯೋಗೂ ಬೇಡ. ಗೋಡೆಯ ಮೇಲೆ ಟಿವಿ ಇದೆ ಅನ್ನುವುದಕ್ಕೇ ಯಾರೂ ದುಡ್ಡು ಕೇಳುವಂತಿಲ್ಲ. ಅತ್ತೆಯವರು ಒಂದು ದಿನ ತಡವಾಗಿ ನೋಡೋಕೆ ಒಪ್ಪಿದರೆ, ಮನೆಯಲ್ಲಿ ಬೇರೆ ಯಾರೂ ಕ್ರಿಕೆಟ್, ನ್ಯೂಸ್ ಅಂತ ಲೈವ್ ಹಾಕದಿದ್ದರೆ, ಆಗ ರದ್ದು ಮಾಡಿಸಿ. ಲೈಸೆನ್ಸ್ ಬೇಕಿಲ್ಲ ಅಂತ ಆನ್‌ಲೈನ್‌ನಲ್ಲೇ ತಿಳಿಸಬಹುದು. ಬ್ಯಾಂಕಿನಲ್ಲಿ ಡೈರೆಕ್ಟ್ ಡೆಬಿಟ್ ಮಾತ್ರ ನಿಲ್ಲಿಸಿ ಸುಮ್ಮನಾಗಬೇಡಿ. ಅವರ ಲೆಕ್ಕದಲ್ಲಿ ಅದು ಬಾಕಿ, ಕಾಗದದ ಮೇಲೆ ಕಾಗದ ಬರುತ್ತದೆ. ಆಮೇಲೆ ಯಾರಾದರೂ ವಿಚಾರಿಸೋಕೆ ಬಾಗಿಲಿಗೆ ಬಂದರೆ, ವಾರಂಟ್ ಇಲ್ಲದೆ ನಿಮ್ಮ ಒಪ್ಪಿಗೆ ಮೀರಿ ಒಳಗೆ ಬರುವಂತಿಲ್ಲ.

ಅತ್ತೆ ಒಪ್ಪುತ್ತಾರಾ ಅನ್ನೋದು ನನ್ನ ವ್ಯಾಪ್ತಿಗೆ ಬರಲ್ಲ.

ಮತ್ತೊಬ್ಬರು:
ಇದನ್ನೆಲ್ಲ ಓದಿ ನಮ್ಮಪ್ಪ ನೆನಪಾದರು. ತಿಪಟೂರಿನ ಪೋಸ್ಟಾಫೀಸಿನಲ್ಲಿ ಪ್ರತಿ ವರ್ಷ ರೇಡಿಯೋ ಲೈಸೆನ್ಸಿಗೆ ದುಡ್ಡು ಕಟ್ಟಿ, ಆ ಪುಟ್ಟ ಪುಸ್ತಕವನ್ನು ರೇಷನ್ ಕಾರ್ಡ್ ಜೊತೆ ಟ್ರಂಕಿನಲ್ಲಿ ಇಡುತ್ತಿದ್ದರು. ಭಾರತದಲ್ಲಿ 80ರ ದಶಕದಲ್ಲೇ ಅದು ಹೋಯಿತು. ಇಲ್ಲಿಗೆ ಬಂದು ನಾನು ಕಟ್ಟುತ್ತಿದ್ದೇನೆ ನೋಡಿ.

ಪ್ರಶ್ನೆ ಕೇಳಿದವರು:
ಸರ್, ಕೌನ್ಸಿಲ್ ಟ್ಯಾಕ್ಸ್ ಬಿಲ್ಲು ಸಿಕ್ಕಿತು. ನವೆಂಬರ್ 20 ಅಂತಲೇ ಇದೆ. ಆದರೆ ಅದು ಯಜಮಾನರ ಹೆಸರಲ್ಲಿದೆ, ಹಳೆ ಲೈಸೆನ್ಸ್ ನನ್ನ ಹೆಸರಲ್ಲಿ.

ಉತ್ತರ:
ಬಾಡಿಗೆ ಕರಾರಿನಲ್ಲಿ ಇಬ್ಬರ ಹೆಸರೂ ಇದ್ದರೆ ಆ ಪುಟವನ್ನೂ ಜೊತೆಗೆ ಕಳಿಸಿ. ಕಳಿಸುವ ಮುಂಚೆ ಎಲ್ಲದರ ಫೋಟೋ ತೆಗೆದಿಟ್ಟುಕೊಳ್ಳಿ.